ಹರಿಯುವ ಮೊದಲೇ ಬಿಚ್ಚಿದ ಬೆಲ್ಟು

2012ರ ಚಳಿಗಾಲದಲ್ಲಿ ಬೆಳುಂಕಿಯ ನಮ್ಮ ಅಂಗಳದ ಬೆಂಕಿಗೆ ಬಿದ್ದದ್ದು ದಾಳಿಂಬೆಯ ಕಟ್ಟಿಗೆ. ಬೇರೆ ವರ್ಷವಾಗಿದ್ದರೆ ದಾಳಿಂಬೆ ಗಿಡ ಕಡಿದು ಚಳಿ ಕಾಸಿಕೊಂಡವನನ್ನು ಊರು ಹುಚ್ಚನೆನ್ನುತ್ತಿತ್ತು. ಆ ವರ್ಷ ಹಾಗೆನ್ನುವವರು ಯಾರೂ ಇರಲಿಲ್ಲ. ಬೋರುಗಳು ಬತ್ತಿದ್ದವು, ಟ್ಯಾಂಕರಿನ ನೀರು ಮಂದಿಗೇ ಸಾಲುತ್ತಿರಲಿಲ್ಲ, ತೋಟಗಳು ನಿಂತಲ್ಲಿಯೇ ಒಣಗಿ ಸೌದೆಯಾಗಿದ್ದವು. ಮಹಾರಾಷ್ಟ್ರದಲ್ಲಿರುವ ನಮ್ಮ ಜತ್ತ ತಾಲೂಕಿನ 40ಕ್ಕೂ ಹೆಚ್ಚು ಹಳ್ಳಿಗಳು ನೀರು ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು ಮಾಡಿದ್ದೂ ಅದೇ ವರ್ಷ. ಹತ್ತು ವರ್ಷದ ಮೇಲೆ, 2022ರಲ್ಲಿ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತೆತ್ತಿದಾಗ ಎರಡೂ ರಾಜ್ಯಗಳಲ್ಲಿ ದೊಡ್ಡ ಗದ್ದಲವಾಯಿತು. ಠರಾವು ಮಾಡಿದವರು ಕೇಳಿದ್ದು ನೀರನ್ನು, ಸಿಕ್ಕಿದ್ದು ಗದ್ದಲ. ಅದಿರಲಿ. ನಾನು ಹೇಳಬೇಕೆಂದದ್ದು ಆ ಬೆಂಕಿಯ ಸುತ್ತ ಕೂತು ನಮ್ಮ ಮನೆಯವರು ಆಡಿದ ಬೇರೆಯೇ ಒಂದು ಜಗಳದ ಕಥೆ.

ಜಗಳಕ್ಕೆ ಕಾರಣ ಕಾಕಾನ ಓಮ್ನಿ. ಮಾರುತಿಯವರು 1984ರಲ್ಲಿ ಬರೀ 'ವ್ಯಾನ್' ಎಂಬ ಹೆಸರಿನಲ್ಲಿ ತಂದು, 1988ರಲ್ಲಿ ಓಮ್ನಿ ಎಂದು ಹೆಸರಿಟ್ಟ ಗಾಡಿ ಅದು. 796 ಸಿ.ಸಿ., ಮೂರು ಸಿಲಿಂಡರು, ನಾಲ್ಕು ಗೇರು. ಇಂಜಿನ್ನು ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಡ್ರೈವರನ ತೊಡೆ ಬೇಯುತ್ತದೆ, ಚಳಿಗಾಲದಲ್ಲಿ ಅದೇ ಸುಖ. ಕಾಕಾ ಅದನ್ನು ಸಾಂಗಲಿಯ ಕಡೆಯ ಯಾರಿಂದಲೋ ಹಳೆಯದನ್ನೇ ತಂದಿದ್ದ. ಅವರು ಇನ್ನೊಬ್ಬರಿಂದ ತಂದಿದ್ದರು. ಊರಿನಲ್ಲಿ ಹೆರಿಗೆ ನೋವು ಬಂದರೂ ಆ ಗಾಡಿ, ಹಾವು ಕಚ್ಚಿದರೂ ಆ ಗಾಡಿ. ನಮ್ಮ ಕಡೆ ದೊಡ್ಡ ರೋಗವೆಂದರೆ ಮಿರಜ. ವಾನ್ಲೆಸ್ ಸಾಹೇಬರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಗಡಿಯ ಈಚಿನವರೂ ಆಚಿನವರೂ ಮಿರಜಕ್ಕೇ ಓಡುತ್ತಾರೆ. ಆ ಬರದಲ್ಲಿ ಓಮ್ನಿಗೆ ಇನ್ನೊಂದು ಕೆಲಸವೂ ಸೇರಿತ್ತು. ಹಿಂದಿನ ಸೀಟು ಕಿತ್ತು ಇಟ್ಟು, ನೀರಿನ ಕ್ಯಾನು ಹೇರುವುದು.

ಕಾಕಾನ ಮಗ, ನನ್ನ ಚಿಕ್ಕ ತಮ್ಮ, ಐ.ಟಿ.ಐ. ಮುಗಿಸಿ ಮಿರಜದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಛಟ್ಟಿ ಅಮಾವಾಸ್ಯೆಗೆಂದು ರಜೆ ಹಾಕಿ ಬಂದಿದ್ದ. ಛಟ್ಟಿ ಅಮಾವಾಸ್ಯೆಯೆಂದರೆ ನಮಗೆ ಗುಡ್ಡಾಪುರದ ದಾನಮ್ಮನ ಜಾತ್ರೆ. ದಾನಮ್ಮ ನಮ್ಮ ತಾಲೂಕಿನ ಮಗಳು. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಕೈಬಿಚ್ಚಿ ಕೊಡುವ ಗುಣದಿಂದ ದಾನಮ್ಮ ಆದಳೆಂದು, ಹನ್ನೆರಡನೆಯ ಶತಮಾನದ ಶರಣರ ಜೊತೆಗಿದ್ದಳೆಂದು ನಮ್ಮವರು ಹೇಳುತ್ತಾರೆ. ವಿಜಾಪುರ, ಬಾಗಲಕೋಟೆ ಕಡೆಯಿಂದ ಮಂದಿ ರಾತ್ರಿ ಹಗಲು ನಡೆದು ಬರುತ್ತಾರೆ. ನಡೆಯಲಾಗದ ನಮ್ಮೂರಿನ ಮುದುಕಿಯರೆಲ್ಲ ಕಾಕಾನ ಗಾಡಿಯಲ್ಲಿ ತಮ್ಮ ತಮ್ಮ ಜಾಗ ಮೊದಲೇ ಹೇಳಿ ಇಟ್ಟಿದ್ದರು.

ಬಂದ ದಿನ ಸಂಜೆ ತಮ್ಮ ಗಾಡಿಯ ಸೀಟು ಎತ್ತಿ, ಬ್ಯಾಟರಿ ಹಿಡಿದು ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಬೆಂಕಿಯ ಹತ್ತಿರ ಬಂದು ಕೂತು ಕೇಳಿದ.

"ಅಪ್ಪಾ, ಇದರ ಟೈಮಿಂಗ್ ಬೆಲ್ಟ್ ಯಾವಾಗ ಬದ್ಲಿ ಮಾಡೀದಿ?"

"ಯಾವ ಬೆಲ್ಟು? ಡೈನಾಮಾದ್ದಾ?"

"ಅದಲ್ಲ. ಒಳಗಿಂದು."

"ಒಳಗೊಂದು ಐತೇನು?" ಎಂದ ಕಾಕಾ.

ತಮ್ಮ ಹಣೆ ಒತ್ತಿಕೊಂಡ. ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳಿದ. ಮೀಟರಿನ ಕೇಬಲ್ ಕಾಕಾ ಗಾಡಿ ತಂದಾಗಲೇ ಹರಿದಿತ್ತು. ಸ್ಪೀಡು ತೋರಿಸುವ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು, ಕಿಲೋಮೀಟರಿನ ಅಂಕಿ ಯಾವುದೋ ಕಾಲದಲ್ಲಿ ನಿಂತುಹೋಗಿತ್ತು. ಹಿಂದಿನ ಮಾಲೀಕರ ಕಡೆ ಕಾಗದವಿಲ್ಲ, ಅವರ ಹಿಂದಿನವರು ಯಾರೆಂದೇ ಗೊತ್ತಿಲ್ಲ.

"ಹಂಗಾರ ಬದ್ಲಿ ಮಾಡೂದ. ಅಮಾಸಿ ಒಳಗ ಮುಗಸೂನು" ಎಂದ ತಮ್ಮ.

ಕಾಕಾನಿಗೆ ರೇಗಿತು. "ಓಡು ಗಾಡಿ ಬಿಚ್ಚಿದಾವ ಯಾವನಾದ್ರೂ ಶ್ಯಾಣ್ಯಾ ಅದಾನೇನಪಾ? ನಿನ್ನೀನ ಮಿರಜಕ್ಕ ಹೋಗಿ ಬಂದೈತಿ. ಒಂದ ಸಪ್ಪಳ ಇಲ್ಲ, ಹೊಗಿ ಇಲ್ಲ. ನಿಮ್ಮ ಗ್ಯಾರೇಜಿನ ವಿದ್ಯಾ ಮನೀ ಗಾಡಿ ಮ್ಯಾಲ ಕಲೀಬ್ಯಾಡ."

ಕಾಕಾನ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನಲಾರೆ. ನಮ್ಮ ಕಡೆ ಯಾವುದನ್ನೂ ಕೆಡುವ ಮೊದಲು ರಿಪೇರಿ ಮಾಡುವ ರೂಢಿಯಿಲ್ಲ. ಪಂಪಿನ ಮೋಟರು ಸುಟ್ಟ ಮೇಲೆ ಕಾಯಿಲ್ ಸುತ್ತಿಸುತ್ತೇವೆ, ಮನೆಯ ಮಾಳಿಗೆ ಸೋರಿದ ಮೇಲೆ ಮಣ್ಣು ಹಾಕುತ್ತೇವೆ. ಕೈಯಲ್ಲಿ ದುಡ್ಡು ಇರುವುದೇ ಅಷ್ಟು. ಇನ್ನೂ ಕೆಡದೇ ಇದ್ದದ್ದಕ್ಕೆ ಅದನ್ನು ಸುರಿಯುವುದು ಬರಗಾಲದಲ್ಲಿ ಯಾರ ತಲೆಗೂ ಹೋಗುವ ಮಾತಲ್ಲ.

ತಮ್ಮ ಹೇಳಿದ್ದನ್ನು ಅಂದು ನಾನೂ ಮೊದಲ ಸಲ ಸರಿಯಾಗಿ ಕೇಳಿದೆ. ಕನ್ನಡ ಶಾಲೆಯ ಮಾಸ್ತರಾದ ನನಗೆ ವಿಜ್ಞಾನದ ಪುಸ್ತಕದ ಇಂಜಿನ್ನು ಗೊತ್ತು, ಪಾನಾ ಹಿಡಿಯುವ ಇಂಜಿನ್ನು ಗೊತ್ತಿರಲಿಲ್ಲ. ಕೆಳಗೆ ಕ್ರ್ಯಾಂಕು ಇರುತ್ತದೆ, ಪಿಸ್ಟನ್ನುಗಳು ಏರಿಳಿದು ಅದನ್ನು ತಿರುಗಿಸುತ್ತವೆ. ಮೇಲೆ ಕ್ಯಾಮ್ ಇರುತ್ತದೆ, ಅದು ವಾಲ್ವುಗಳನ್ನು ಒತ್ತಿ ತೆರೆಯುತ್ತದೆ. ಒಂದು ವಾಲ್ವು ಗಾಳಿ-ಪೆಟ್ರೋಲನ್ನು ಒಳಗೆ ಬಿಡಬೇಕು, ಇನ್ನೊಂದು ಸುಟ್ಟ ಹೊಗೆಯನ್ನು ಹೊರಗೆ ಬಿಡಬೇಕು, ನಡುವೆ ಎರಡೂ ಮುಚ್ಚಿರಬೇಕು. ಕ್ರ್ಯಾಂಕು ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ಹಾಕಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದು ಸೆಕೆಂಡಿಗೆ ಕ್ರ್ಯಾಂಕಿನದು 50 ಸುತ್ತು, ಕ್ಯಾಮಿನದು 25. ಈ ಲೆಕ್ಕ ಒಮ್ಮೆಯೂ ತಪ್ಪದ ಹಾಗೆ ಕೆಳಗಿನದನ್ನೂ ಮೇಲಿನದನ್ನೂ ಕಟ್ಟಿಹಾಕಿದ್ದು ಹಲ್ಲಿರುವ ಒಂದು ರಬ್ಬರಿನ ಪಟ್ಟಿ. ಒಳಗೆ ಗಾಜಿನ ನಾರಿನ ಎಳೆ, ಹಲ್ಲಿನ ಮೇಲೆ ನೈಲಾನಿನ ಬಟ್ಟೆ, ಅಷ್ಟೇ.

"ಹಳೀ ಅಂಬಾಸಿಡರ್‌ಗೆ ಚೈನ್ ಇತ್ತು. ಚೈನ್ ಸಡಲಾದ್ರ ಖಡಖಡ ಅಂತ ಹೇಳತಿತ್ತು. ಬೆಲ್ಟ್ ಏನೂ ಹೇಳಂಗಿಲ್ಲ. ಇವತ್ತ ಛಲೋ ಇರತೈತಿ, ನಾಳೆ ನಡುದಾರ್ಯಾಗ ಹರದ ಬಿಡತೈತಿ. ಹರದ್ರ ಕ್ಯಾಮ್ ನಿಂತ ಬಿಡತೈತಿ, ಗಾಡಿನೂ ನಿಂತ ಬಿಡತೈತಿ" ಎಂದ ತಮ್ಮ.

ಇನ್ನೂ ಕೆಟ್ಟದ್ದೂ ಆಗಬಹುದೆಂದು ಅವನು ಗ್ಯಾರೇಜಿಗೆ ಎಳೆದು ತಂದಿದ್ದ ಒಂದು ಡೀಸೆಲ್ ಕಾರಿನ ಕಥೆ ಹೇಳಿದ. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಬೇಕು, ಆದ್ದರಿಂದ ಪಿಸ್ಟನ್ನು ಮೇಲೆ ಬಂದಾಗ ಅದಕ್ಕೂ ಮೇಲಿನ ತಲೆಗೂ ನಡುವೆ ಜಾಗವೇ ಇರುವುದಿಲ್ಲ. ಬೆಲ್ಟು ಹರಿದ ಹೊತ್ತಿನಲ್ಲಿ ಯಾವ ವಾಲ್ವು ತೆರೆದು ನಿಂತಿತ್ತೋ ಅದಕ್ಕೆ ಕೆಳಗಿನಿಂದ ಪಿಸ್ಟನ್ನು ಬಂದು ಬಡಿಯುತ್ತದೆ. ಆ ಕಾರಿನ ವಾಲ್ವುಗಳು ಸೊಟ್ಟಗಾಗಿದ್ದವಂತೆ. ಬೆಲ್ಟಿನ ಖರ್ಚಿನ ಹತ್ತಾರು ಪಟ್ಟು ಖರ್ಚು. ಪೆಟ್ರೋಲಿನ ಕೆಲವು ಇಂಜಿನ್ನುಗಳೂ ಹಾಗೆಯೇ, ಕೆಲವಕ್ಕೆ ಮಾತ್ರ ಜಾಗ ಇದ್ದು ಉಳಿದುಕೊಳ್ಳುತ್ತವೆ.

ಕಾಕಾ ಇದನ್ನೆಲ್ಲ ಕೇಳಿ ಬೆಂಕಿಗೆ ಇನ್ನೊಂದು ಕಟ್ಟಿಗೆ ಒಟ್ಟಿದ. "ಹರದಾಗ ನೋಡೂನು" ಎಂದ.

ಆಗ ಮಾತಾಡಿದವನು ನಮ್ಮ ಓಣಿಯ ಅಜ್ಜ. ಮೋಟರು-ಪಂಪು ಬರುವ ಮೊದಲು ಎತ್ತು ಹೂಡಿ ಕಪಿಲಿ ಹೊಡೆದ ಕೊನೆಯ ತಲೆಮಾರಿನವನು. ಅಲ್ಲಿಯವರೆಗೂ ಕಂಬಳಿಯೊಳಗೆ ಸುಮ್ಮನೇ ಕೂತಿದ್ದ. "ಏ ತಮ್ಮಾ," ಎಂದ ಕಾಕಾನಿಗೆ, "ನಾವು ಕಪಿಲಿ ಹೊಡೀವಾಗ ಮಿಣಿ ಯಾವಾಗ ಬದ್ಲಿ ಮಾಡತಿದ್ವಿ? ಹರದ ಮ್ಯಾಲೇನು? ತುಂಬಿದ ಬಾನಿ ಮ್ಯಾಲ ಬರೂ ಹೊತ್ತಿನ್ಯಾಗ ಮಿಣಿ ಹರದ್ರ ಬಾನಿ ಬಾವ್ಯಾಗ, ಎತ್ತು ಮಕಾಡಿ. ಎತ್ತಿನ ಕಾಲ ಹೋದ್ರ ಮಿಣಿ ರೊಕ್ಕ ಉಳಿಸಿ ಏನ ಮಾಡತಿ? ಸುಗ್ಗಿ ಮುಗೀತಂದ್ರ ಹಳೇದ ತಗದ ಹೊಸಾದ ಹಾಕತಿದ್ವಿ, ಅದು ಗಟ್ಟಿ ಇದ್ರೂನು."

ತಮ್ಮನ ಗಾಜಿನ ನಾರು, 3,000 ಸುತ್ತು, ಸೊಟ್ಟಗಾದ ವಾಲ್ವು ಇವು ಯಾವುವೂ ಮಾಡದ ಕೆಲಸವನ್ನು ಅಜ್ಜನ ಮಿಣಿ ಮಾಡಿತು. ಕಾಕಾ ಸ್ವಲ್ಪ ಹೊತ್ತು ತಂಬಾಕು ತಿಕ್ಕಿದ. "ರೊಕ್ಕ ಎಷ್ಟ ಹತ್ತತೈತಿ?" ಎಂದು ಕೇಳಿದ. ಅಂದರೆ ಒಪ್ಪಿದನೆಂದೇ ಅರ್ಥ.

ಮರುದಿನ ಬೆಳಿಗ್ಗೆ ಅಳಿಯನೊಬ್ಬನನ್ನು ಬೆಲ್ಟು ತರಲು ಕಳಿಸಿದೆವು. ಮಧ್ಯಾಹ್ನದ ಎಸ್.ಟಿ.ಗೆ ಬಂದ. ಅಂಗಡಿಯವನು ಡಬ್ಬಿ ಇಲ್ಲದೆ, ಬೆಲ್ಟನ್ನು ನಾಲ್ಕು ಮಡಿಕೆ ಮಾಡಿ ರಬ್ಬರ್ ಬ್ಯಾಂಡು ಹಾಕಿ ಕೊಟ್ಟಿದ್ದ, ಹುಡುಗ ಅದನ್ನು ಪ್ಯಾಂಟಿನ ಹಿಂದಿನ ಕಿಸೆಯಲ್ಲಿಟ್ಟು ಅದರ ಮೇಲೇ ಕೂತು ಬಂದಿದ್ದ. ತಮ್ಮ ಅದನ್ನು ಬಿಚ್ಚಿ, ಮಡಿಕೆ ಬಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಇದ ಬ್ಯಾಡ" ಎಂದ. ಕಾಕಾನಿಗೆ ಮತ್ತೆ ಸಿಟ್ಟು. ಹೊಸ ಬೆಲ್ಟು, ಅದರ ಮೇಲೆ ಒಂದು ಗೀರೂ ಇಲ್ಲ. ಆದರೆ ತಮ್ಮ ಹೇಳಿದ್ದು ನಿಜವಾದ ಮಾತು. ಗಾಜಿನ ನಾರು ಉದ್ದಕ್ಕೆ ಎಷ್ಟು ಎಳೆದರೂ ತಡೆಯುತ್ತದೆ, ಚೂಪಾಗಿ ಮಡಿಸಿದರೆ ಒಳಗೇ ಮುರಿಯುತ್ತದೆ. ಮೇಲಿನ ರಬ್ಬರಿಗೆ ಅದರ ಸುದ್ದಿಯೇ ಇರುವುದಿಲ್ಲ. ಟೈಮಿಂಗ್ ಬೆಲ್ಟನ್ನು ಮಡಿಸಬಾರದು, ತಿರುವಬಾರದು, ಹಲ್ಲು ಹೊರಗಾಗುವಂತೆ ಮಗುಚಬಾರದು, ಎಣ್ಣೆ ಕೈಯಿಂದ ಮುಟ್ಟಲೂ ಬಾರದು. ಎರಡನೆಯದನ್ನು ತಮ್ಮ ತಾನೇ ಹೋಗಿ, ಡಬ್ಬಿಯೊಳಗೆ ದುಂಡಗೆ ಕೂತದ್ದನ್ನು ನೋಡಿ ತಂದ. ಜೊತೆಗೆ ಬೆಲ್ಟಿನ ಬಿಗಿ ಹಿಡಿಯುವ ಟೆನ್ಷನರ್ ಗಾಲಿಯನ್ನೂ, ಎರಡು ಆಯಿಲ್ ಸೀಲನ್ನೂ ತಂದ. "ಬಿಚ್ಚೂದ ಬಿಚ್ಚತೀವಿ, ಮತ್ತೊಮ್ಮೆ ಬಿಚ್ಚೂದ ಬ್ಯಾಡ" ಎಂಬುದು ಅವನ ಲೆಕ್ಕ. ಸೀಲು ಸೋರಿ ಬೆಲ್ಟಿಗೆ ಎಣ್ಣೆ ಬಡಿದರೆ ಹೊಸ ರಬ್ಬರೂ ಬೇಗ ಮೆತ್ತಗಾಗುತ್ತದೆ.

ಇದರಲ್ಲಿ ಹೊತ್ತು ಮುಳುಗಿತು. ಲೋಡ್‌ಶೆಡ್ಡಿಂಗಿನ ದಿನಗಳು, ಕರೆಂಟು ಇರಲಿಲ್ಲ. ತಮ್ಮ ಮೊದಲು ಮಾಡಿದ್ದು ಬೆಂಕಿಯನ್ನು ಅಂಗಳದ ಆ ತುದಿಗೆ ಸರಿಸಿದ್ದು. ಇಂಜಿನ್ನು ಕಾರ್ಬೊರೇಟರಿನದು, ಪೆಟ್ರೋಲಿನ ವಾಸನೆ ಸದಾ ಆಡುತ್ತಿರುತ್ತದೆ. ಬೆಂಕಿ ದೂರ ಹೋದದ್ದರಿಂದ ಮುದುಕರೆಲ್ಲ ಗೊಣಗಿದರು. ಅಲ್ಲಿಂದ ಏನೂ ಕಾಣದೆಂದು ಅವರ ತಕರಾರು, ಚಳಿಯ ಮಾತು ನೆಪ.

ಬ್ಯಾಟರಿಯ ವಾಯರು ತೆಗೆದ. ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆವು, ಜ್ಯಾಕಿನ ಮೇಲೆ ಭರವಸೆಯಿಡದೆ ಕೆಳಗೆ ಹಳೆಯ ತೊಲೆಯ ತುಂಡು ಇಟ್ಟೆವು. ಸೀಟು ಹೊರಗೆ ಬಂತು. ಅದರ ಮೇಲೆ ಅಜ್ಜ ಕೂತ. ನಾನು ನಾಲ್ಕನೇ ಇಯತ್ತೆಯ ಉತ್ತರಪತ್ರಿಕೆಯ ಹಿಂಬದಿಯ ಮೇಲೆ ಇಂಜಿನ್ನಿನ ಚಿತ್ರ ಬರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರದರ ಜಾಗದಲ್ಲಿ ಚುಚ್ಚುತ್ತಾ ಹೋದೆ. ಕವರಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿ ಬಿಗಿದರೆ ಒಳಗಿನ ಅಲ್ಯೂಮಿನಿಯಂ ಒಡೆಯುತ್ತದೆ.

ಡೈನಾಮಾದ ಬೆಲ್ಟು ಬಂತು, ಅದು ತಿರುಗಿಸುತ್ತಿದ್ದ ನೀರಿನ ಪಂಪಿನ ಪುಲ್ಲಿ ಬಂತು. ಕ್ರ್ಯಾಂಕಿನ ಪುಲ್ಲಿ ಮಾತ್ರ ಬರಲೊಲ್ಲದು. ಪಾನಾ ಹಾಕಿ ತಿರುವಿದರೆ ಬೋಲ್ಟಿನ ಜೊತೆ ಇಂಜಿನ್ನೇ ತಿರುಗುತ್ತದೆ. ಅದಕ್ಕೆ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಒಬ್ಬರು ಬ್ರೇಕು ಒತ್ತಿ ಹಿಡಿಯಬೇಕು. ಸೀಟಿಲ್ಲದ ಗಾಡಿಯಲ್ಲಿ ದೊಡ್ಡವರಿಗೆ ಕೂರಲು ಜಾಗವಿರಲಿಲ್ಲ. ಕಾಕಾನ ಮೊಮ್ಮಗಳನ್ನು ಒಳಗೆ ಇಳಿಸಿದೆವು. ಅವಳು ಬೆನ್ನನ್ನು ಆನಿಸಿ, ಎರಡೂ ಕಾಲಿನಿಂದ ಪೆಡಲನ್ನು ಒತ್ತಿ ಹಿಡಿದಳು. ಆದರೂ ಬೋಲ್ಟು ಅಲುಗಲಿಲ್ಲ. ಕಡೆಗೆ ಕಾಕಾ ಎದ್ದು ಹೋಗಿ, ಆ ಬೇಸಿಗೆಯಲ್ಲಿ ಸತ್ತ ಬೋರಿನಿಂದ ಎತ್ತಿಟ್ಟಿದ್ದ ಕಬ್ಬಿಣದ ಪೈಪಿನ ತುಂಡೊಂದನ್ನು ತಂದ. ಪಾನಾದ ಹಿಡಿಕೆಗೆ ಪೈಪು ತೊಡಿಸಿ, ತಂದೆ-ಮಗ ಇಬ್ಬರೂ ಸೇರಿ ಎಳೆದರು. ಕಟ್ ಎಂದಿತು. ಮುರಿಯಿತೆಂದು ಎಲ್ಲರ ಎದೆ ಧಸಕ್ಕೆಂದಿತು. ಬೋಲ್ಟು ಬಿಟ್ಟ ಸಪ್ಪಳ ಅದು. ಆ ಬೋರಿನಿಂದ ಆ ವರ್ಷ ನಮಗೆ ಆದ ಉಪಕಾರ ಅದೊಂದೇ.

ಕವರು ತೆಗೆದಾಗ ಬೆಲ್ಟು ಕಂಡಿತು. ಕಾಕಾ ಇಣುಕಿ ನೋಡಿ, "ಛಲೋನ ಐತಲ್ಲೋ!" ಎಂದ. ನೋಡಲು ನಿಜಕ್ಕೂ ಚೆನ್ನಾಗಿಯೇ ಇತ್ತು. ಮೇಲೆ ಕರಿ ಮಣ್ಣಿನ ಧೂಳು, ಅಷ್ಟೇ. ತಮ್ಮ ಮಾತಾಡಲಿಲ್ಲ. ಇಂಜಿನ್ನನ್ನು ಪಾನಾದಿಂದ ನಿಧಾನಕ್ಕೆ ತಿರುಗಿಸಿ ಗುರುತಿಗೆ ತಂದ. ಈ ಕೆಲಸದ ಜೀವ ಇರುವುದೇ ಇಲ್ಲಿ. ಮೇಲಿನ ಕ್ಯಾಮ್ ಗಾಲಿಯ ಮೇಲೊಂದು ಗುರುತು ಕೊರೆದಿರುತ್ತಾರೆ, ಅದು ಹಿಂದಿನ ತಗಡಿನ ಮೇಲಿನ ಗುರುತಿಗೆ ಸರಿಯಾಗಿ ನಿಲ್ಲಬೇಕು. ಕೆಳಗಿನ ಕ್ರ್ಯಾಂಕಿನ ಹಲ್ಲುಗಾಲಿಯ ಮೇಲೊಂದು ಚುಕ್ಕಿ, ಅದು ಆಯಿಲ್ ಪಂಪಿನ ಮೈಮೇಲಿನ ಬಾಣಕ್ಕೆ ನಿಲ್ಲಬೇಕು. ಎರಡೂ ಒಮ್ಮೆಗೇ ನಿಂತಾಗ ಮಾತ್ರ ಹಳೆಯ ಬೆಲ್ಟಿಗೆ ಕೈ ಹಚ್ಚಬೇಕು. ವರ್ಷಗಟ್ಟಲೆ ಎಣ್ಣೆ ಕುಡಿದ ಕಬ್ಬಿಣದ ಮೇಲೆ ಬ್ಯಾಟರಿ ಬೆಳಕಿಗೆ ಆ ಗುರುತುಗಳು ಕಾಣುತ್ತಿರಲಿಲ್ಲ. ನಾನು ಶಾಲೆಯ ಖಡು ತಂದೆ, ಎಣ್ಣೆಯ ಮೇಲೆ ಹಿಡಿಯಲಿಲ್ಲ. ಕಾಕಾ ತನ್ನ ತಂಬಾಕಿನ ಚಂಚಿಯೊಳಗಿನ ಸುಣ್ಣದ ಡಬ್ಬಿ ತೆಗೆದು, ಗುರುತು ಒರೆಸಿ, ಕಡ್ಡಿಯ ತುದಿಯಿಂದ ಸುಣ್ಣ ಹಚ್ಚಿದ. ಒಣಗಿದ ಮೇಲೆ ಬೆಳ್ಳಗೆ ಎದ್ದು ಕಂಡಿತು. ಅಂದು ಅವನು ಕೆಲಸದಲ್ಲಿ ಸೇರಿಕೊಂಡದ್ದು ಆ ಸುಣ್ಣದಿಂದ. ಅಲ್ಲಿಂದ ಮುಂದೆ "ನಿಮ್ಮ ಗ್ಯಾರೇಜಿನ ವಿದ್ಯಾ" ಎಂಬ ಮಾತು ಬರಲಿಲ್ಲ.

ಟೆನ್ಷನರಿನ ಬೋಲ್ಟು ಸಡಿಲಿಸಿ ಬೆಲ್ಟು ತೆಗೆದ, ಗಾಲಿ ಬದಲಿಸಿದ, ಸೀಲು ಬದಲಿಸಿದ. ಹೊಸ ಬೆಲ್ಟಿನ ಮೇಲೆ ಬಾಣದ ಗುರುತಿತ್ತು, ತಿರುಗುವ ದಿಕ್ಕಿಗೆ ಅದನ್ನು ಹಿಡಿದು ಮೊದಲು ಕೆಳಗಿನ ಗಾಲಿಗೆ, ಆಮೇಲೆ ಮೇಲಿನದಕ್ಕೆ ಸಿಕ್ಕಿಸಿದ. ಗುರುತುಗಳು ಸರಿ ಇದ್ದವು. ಎಲ್ಲರೂ ಮುಗಿಯಿತೆಂದುಕೊಂಡರು. ಬೆಂಕಿಯ ಕಡೆಯಿಂದ "ಸುರು ಮಾಡೋ, ನೋಡೂನು" ಎಂಬ ಕೂಗೂ ಬಂತು.

ತಮ್ಮ ಕೀಲಿಗೆ ಕೈ ಹಾಕಲಿಲ್ಲ. ಪಾನಾ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿದ. ಎರಡೇ ಏಕೆಂದರೆ ಆಗ ಕ್ಯಾಮ್ ಒಂದು ಸುತ್ತು ಮುಗಿಸಿ ಮತ್ತೆ ತನ್ನ ಜಾಗಕ್ಕೆ ಬರಬೇಕು. ಕೆಳಗಿನ ಸುಣ್ಣ ಬಾಣಕ್ಕೆ ನಿಂತಿತು. ಮೇಲಿನದು ನಿಲ್ಲಲಿಲ್ಲ, ಒಂದು ಹಲ್ಲು ಹಿಂದೆ ಉಳಿದಿತ್ತು.

"ಒಂದ ಹಲ್ಲಿಗೇನ ಆಗತೈತಿ?" ಎಂದರು ಯಾರೋ.

ಒಂದು ಹಲ್ಲಿಗೆ ಗಾಡಿ ಬಹುಶಃ ಸುರುವಾಗುತ್ತದೆ. ಆದರೆ ವಾಲ್ವುಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ. ಎಳೆಯುವ ಶಕ್ತಿ ಹೋಗುತ್ತದೆ, ನಿಂತಲ್ಲಿ ನಡುಗುತ್ತದೆ, ಪೆಟ್ರೋಲು ಕುಡಿಯುತ್ತದೆ. ಮಿಸ್ತ್ರಿ ಕಾರ್ಬೊರೇಟರು ಬಿಚ್ಚುತ್ತಾನೆ, ಪ್ಲಗ್ಗು ಬದಲಿಸುತ್ತಾನೆ, ಕಾರಣ ಮಾತ್ರ ಆ ಕವರಿನ ಹಿಂದೆ ಕೂತಿರುತ್ತದೆ. ಒಂದು ಗ್ಯಾರೇಜಿನಿಂದ ಇನ್ನೊಂದಕ್ಕೆ ಸುತ್ತುವ ಇಂಥ ಗಾಡಿಗಳನ್ನು ತಮ್ಮ ಗ್ಯಾರೇಜಿನಲ್ಲಿ ಕಂಡಿದ್ದ.

ಹಲ್ಲು ತಪ್ಪಿದ್ದಕ್ಕೆ ಕಾರಣ ವಾಲ್ವಿನ ಸ್ಪ್ರಿಂಗು. ಕ್ಯಾಮ್ ಯಾವಾಗಲೂ ಯಾವುದಾದರೂ ಒಂದು ವಾಲ್ವನ್ನು ಒತ್ತಿಕೊಂಡಿರುತ್ತದೆ, ಸ್ಪ್ರಿಂಗು ಅದನ್ನು ತಿರುಗಿ ತಳ್ಳುತ್ತಿರುತ್ತದೆ. ಬೆಲ್ಟು ಸಿಕ್ಕಿಸುವಾಗ ಕ್ಯಾಮ್ ಕೂದಲೆಳೆಯಷ್ಟು ಜರುಗಿದರೂ ಆ ಕಡೆಯ ಎಳೆತದಲ್ಲಿ ಸಡಿಲು ಉಳಿಯುತ್ತದೆ, ತಿರುಗಿಸಿದಾಗ ಅದು ಹಲ್ಲು ಬಿಟ್ಟು ಕೂರುತ್ತದೆ. ತಮ್ಮ ಈ ಸಲ ಮೇಲಿನ ಮುಚ್ಚಳವನ್ನೂ ತೆಗೆದು, ವಾಲ್ವುಗಳನ್ನು ಒತ್ತುವ ರಾಕರಿನ ಸ್ಕ್ರೂಗಳನ್ನು ಸಡಿಲಿಸಿದ. ಸ್ಪ್ರಿಂಗಿನ ಜುಲುಮೆ ತಪ್ಪಿತು, ಕ್ಯಾಮ್ ಇಟ್ಟಲ್ಲಿ ನಿಂತಿತು. ಮತ್ತೆ ಬೆಲ್ಟು ಹಾಕಿದ. ಟೆನ್ಷನರಿನ ಬೋಲ್ಟನ್ನು ಆಗಲೇ ಬಿಗಿಯಲಿಲ್ಲ. ಅದರ ಸ್ಪ್ರಿಂಗೇ ತನಗೆ ಬೇಕಾದಷ್ಟು ಬಿಗಿಯನ್ನು ಎಳೆದುಕೊಳ್ಳಲು ಬಿಟ್ಟು, ಎರಡು ಸುತ್ತು ತಿರುಗಿಸಿ, ಆಮೇಲೆ ಬಿಗಿದ. ಬಿಗಿ ಹೆಚ್ಚಾದರೆ ಬೆಲ್ಟು ಕೊರಗುತ್ತದೆ, ಬೇರಿಂಗು ಹೋಗುತ್ತದೆ. ಕಡಿಮೆಯಾದರೆ ಹಲ್ಲು ಹಾರುತ್ತದೆ. ಕೈಯ ಅಂದಾಜಿಗಿಂತ ಸ್ಪ್ರಿಂಗಿನ ಅಂದಾಜು ದೊಡ್ಡದು ಎಂದು ಅವನ ಮಿಸ್ತ್ರಿ ಕಲಿಸಿದ್ದನಂತೆ.

ಈಗ ಎರಡೂ ಸುಣ್ಣ ತಮ್ಮ ತಮ್ಮ ಗುರುತಿಗೆ ನಿಂತವು. ಅವನು ಮತ್ತೆ ತಿರುಗಿಸಿದ, ಮತ್ತೆ ನಿಂತವು. ಫೀಲರ್ ಗೇಜು ಹಾಕಿ ವಾಲ್ವುಗಳ ಸಂದು ಹೊಂದಿಸುವುದರಲ್ಲಿ ಮುದುಕರು ಒಬ್ಬೊಬ್ಬರಾಗಿ ಮನೆಗೆ ಹೋದರು. ಅಜ್ಜ ಮಾತ್ರ ಕೂತಿದ್ದ, ಅವನ ಕೆಳಗಿನ ಸೀಟು ಗಾಡಿಗೆ ಬೇಕಿತ್ತು.

ಕೀಲಿ ತಿರುಗಿಸಿದಾಗ ಅರ್ಧ ಹೊರಳಿಗೇ ಇಂಜಿನ್ನು ಹಿಡಿಯಿತು. ಕಾಕಾ ಕಿವಿಕೊಟ್ಟು ಕೇಳಿ, "ಮೊದಲಿನಂಗನ ಐತಿ" ಎಂದ. ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಈ ಕೆಲಸದ ಕಷ್ಟವೇ ಅದು. ಸರಿಯಾಗಿ ಮಾಡಿದರೆ ಯಾರಿಗೂ ಏನೂ ವ್ಯತ್ಯಾಸ ಕಾಣುವುದಿಲ್ಲ.

ವ್ಯತ್ಯಾಸ ಕಂಡದ್ದು ಹಳೆಯ ಬೆಲ್ಟಿನಲ್ಲಿ. ತಮ್ಮ ಅದನ್ನು ಬೆಂಕಿಯ ಬೆಳಕಿಗೆ ತಂದು ಹಲ್ಲು ಮೇಲಾಗುವಂತೆ ಮಗುಚಿ ಬಗ್ಗಿಸಿದ. ಹೊರಗಿನಿಂದ ನುಣ್ಣಗಿದ್ದ ಬೆಲ್ಟಿನ ಹಲ್ಲುಗಳ ಬುಡದಲ್ಲಿ ಸಾಲಾಗಿ ಸೀಳು ಬಿಟ್ಟಿತ್ತು. ಒಂದು ಕಡೆ ಎರಡು ಹಲ್ಲು ಬುಡದಿಂದ ಎದ್ದಿದ್ದವು, ಉಗುರಿನಿಂದ ಎಬ್ಬಿಸಿದರೆ ಕೈಗೆ ಬರುವಂತಿದ್ದವು. ಕಾಕಾ ಅದನ್ನು ಇಸಿದುಕೊಂಡು, ಬಗ್ಗಿಸಿ, ನೋಡಿ, ಅಜ್ಜನ ಕೈಗೆ ಕೊಟ್ಟ. ಅಜ್ಜ, "ಇದೇನ ಮಿರಜದ ತನಕ ಹೋಗತಿದ್ದಿಲ್ಲ ಬಿಡು" ಎಂದ. ಹೋಗುತ್ತಿತ್ತೋ ಇಲ್ಲವೋ ಯಾರು ಬಲ್ಲರು. ಅಮಾವಾಸ್ಯೆಯ ದಿನ ಮುದುಕಿಯರೆಲ್ಲ ಗುಡ್ಡಾಪುರಕ್ಕೆ ಹೋಗಿ ದಾನಮ್ಮನಿಗೆ ಕಾಯಿ ಒಡೆಸಿ ಬಂದರು. ಬೆಲ್ಟಿನ ಸುದ್ದಿಯನ್ನು ಯಾರೂ ಅವರಿಗೆ ಹೇಳಲಿಲ್ಲ.

ಆಮೇಲೆ ನಾನು ಈ ಬೆಲ್ಟಿನ ಹುಟ್ಟನ್ನು ಹುಡುಕಿ ಓದಿದೆ. ಹಲ್ಲಿನ ಬೆಲ್ಟು ಮೊದಲು ಬಂದದ್ದು ಕಾರಿಗಲ್ಲ, 1940ರ ದಶಕದಲ್ಲಿ ಅಮೆರಿಕದ ಸಿಂಗರ್ ಹೊಲಿಗೆ ಯಂತ್ರಕ್ಕೆ, ಮೇಲಿನ ಸೂಜಿಯೂ ಕೆಳಗಿನ ಬಾಬಿನ್ನೂ ತಾಳ ತಪ್ಪದಿರಲೆಂದು. ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಅದನ್ನು ಮೊದಲು ಹಾಕಿದವರು ಜರ್ಮನಿಯ ಬವೇರಿಯಾದ ಗ್ಲಾಸ್ ಎಂಬ ಸಣ್ಣ ಕಂಪನಿಯವರು, 1962ರಲ್ಲಿ. 1966ರಲ್ಲಿ ಅಮೆರಿಕದ ಪಾಂಟಿಯಾಕ್, ಇಟಲಿಯ ಫಿಯಾಟ್ ಹಿಂಬಾಲಿಸಿದವು. ಚೈನಿಗಿಂತ ಅಗ್ಗ, ಹಗುರ, ಸಪ್ಪಳವಿಲ್ಲ, ಎಣ್ಣೆ ಬೇಡ. ಆ ಸಪ್ಪಳವಿಲ್ಲದ ಗುಣವೇ ನಮ್ಮಂಥವರಿಗೆ ಕುತ್ತು. ಈಗ ಮಾರುತಿಯ ಕೆ-ಸೀರೀಸ್ ಇಂಜಿನ್ನುಗಳಿಗೆ ಮತ್ತೆ ಚೈನು ಬಂದಿದೆ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಕಾಕಾನ ಗಾಡಿ ಅದಕ್ಕೂ ಮೊದಲೇ ಮಾರಿಹೋಗಿತ್ತು. ಕೊಳ್ಳಲು ಬಂದವನಿಗೆ ಕಾಕಾ ಟಾಯರು, ಬಾಡಿ, ಕಾಗದ ತೋರಿಸುವ ಮೊದಲು ಸೀಟು ಎತ್ತಿ, ಒಳಗೆ ಬಣ್ಣದಲ್ಲಿ ಬರೆಸಿದ್ದ ಬೆಲ್ಟಿನ ತಾರೀಖು ತೋರಿಸಿದ. ಬರೆದವನು ನಾನೇ, ಅಕ್ಷರ ದುಂಡಗಿವೆ ಎಂದು.

ಹಳೆಯ ಗಾಡಿಗಳು ನಮ್ಮ ಕಡೆ ಇನ್ನೂ ಬೇಕಾದಷ್ಟು ಓಡುತ್ತಿವೆ. ಬೆಲ್ಟು ಎಷ್ಟಕ್ಕೆ ಬದಲಿಸಬೇಕೆಂಬುದು ಇಂಜಿನ್ನಿಗೆ ಒಂದೊಂದು, ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರಿನ ನಡುವೆ ಹೇಳಿರುತ್ತಾರೆ. ಗಾಡಿ ನಿಂತೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಆದ್ದರಿಂದ ವರ್ಷದ ಲೆಕ್ಕವನ್ನೂ ಹಿಡಿಯಬೇಕು. ಕೈ ಪಳಗಿದವರು ಜೊತೆಗಿಲ್ಲದೆ ಅಂಗಳದಲ್ಲಿ ಬಿಚ್ಚಬೇಡಿ. ಆದರೆ ಹಳೆಯ ಗಾಡಿ ಕೊಳ್ಳುವಾಗ, ಅದಕ್ಕೆ ಚೈನೋ ಬೆಲ್ಟೋ ಎಂದು ಮೊದಲು ಕೇಳಿರಿ. ಬೆಲ್ಟೆಂದರೆ, ಕೊನೆಗೆ ಬದಲಿಸಿದ ತಾರೀಖು ಕೇಳಿರಿ. ಮಾರುವವನು ತಲೆ ಕೆರೆದುಕೊಂಡರೆ ಬೆಲೆಯಲ್ಲಿ ಒಂದು ಬೆಲ್ಟಿನ ದುಡ್ಡು ಮುರಿದುಕೊಂಡು, ಬದಲಿಸಿದ ಮೇಲೆಯೇ ಮಿರಜದ ದಾರಿ ಹಿಡಿಯಿರಿ.